ಲ್ಯಾಪ್‌ಟಾಪ್ ಒಳಗಿಡಿ ಎನ್ನುವುದೇಕೆ?

ವಿದ್ಯಾರ್ಥಿಗಳೇ, ವಿಮಾನ ಹತ್ತಿದವರು ನಿಮ್ಮಲ್ಲಿ ಕೆಲವರೇ ಇರಬಹುದು. ಆದರೂ ಅಲ್ಲಿನ ಒಂದು ನಿಯಮವನ್ನು ನೀವೆಲ್ಲರೂ ತಿಳಿದಿರಬೇಕು. ವಿಮಾನವು ರನ್‌ವೇ ಕಡೆಗೆ ಉರುಳುವಾಗ, ಮೇಲೇರುವಾಗ ಮತ್ತು ಇಳಿಯುವಾಗ ಲ್ಯಾಪ್‌ಟಾಪ್‌ನಂತಹ ದೊಡ್ಡ ಸಾಧನಗಳನ್ನು ಚೀಲಕ್ಕೆ ಹಾಕಿ ಭದ್ರವಾಗಿ ಇಡಬೇಕು.

ಹಿಂದೆ ಆ ಹೊತ್ತಿನಲ್ಲಿ ಮೊಬೈಲನ್ನೂ ಪೂರ್ತಿ ಆರಿಸಬೇಕಿತ್ತು. ಅದರ ರೇಡಿಯೋ ಅಲೆಗಳು ವಿಮಾನದ ಉಪಕರಣಗಳಿಗೆ ಅಡ್ಡಿಪಡಿಸಬಹುದು ಎಂಬ ಎಚ್ಚರಿಕೆಯೇ ಇದಕ್ಕೆ ಕಾರಣ. 2013ರಲ್ಲಿ ಅಮೆರಿಕ ಮತ್ತು 2014ರಲ್ಲಿ ಭಾರತ, ಮೊಬೈಲ್ ಜಾಲದ ಸಂಪರ್ಕ ಕಡಿಯುವ ‘ಫ್ಲೈಟ್ ಮೋಡ್’ನಲ್ಲಿ ಸಣ್ಣ ಸಾಧನಗಳನ್ನು ಬಳಸಲು ಅವಕಾಶ ನೀಡಿದವು. ‘ಹಾಗಾದರೆ ಲ್ಯಾಪ್‌ಟಾಪಿಗೆ ಮಾತ್ರ ಏಕೆ ಈ ಕಟ್ಟುನಿಟ್ಟು?’ ಎಂದು ಕೆಲವರು ಗೊಣಗುತ್ತಾರೆ. ಈ ಗೊಣಗಾಟ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಉತ್ತರ ನಿಮ್ಮ ವಿಜ್ಞಾನ ಪಾಠದಲ್ಲೇ ಇದೆ. ಅದರ ಹೆಸರು ಜಡತ್ವ.

ಮಾಡಿ ನೋಡಿ: ನುಣುಪಾದ ರಟ್ಟಿನ ಪುಸ್ತಕದ ಮೇಲೆ ಒಂದು ನಾಣ್ಯ ಇಡಿ. ಪುಸ್ತಕವನ್ನು ಮೇಜಿನ ಮೇಲೆ ವೇಗವಾಗಿ ತಳ್ಳಿ, ತಟ್ಟನೆ ನಿಲ್ಲಿಸಿ. ಪುಸ್ತಕ ನಿಂತರೂ ನಾಣ್ಯ ಮುಂದಕ್ಕೆ ಜಾರುತ್ತದೆ.

ದೊಡ್ಡ ಜೆಟ್ ವಿಮಾನ ನೆಲ ಬಿಡುವಾಗ ಅದರ ವೇಗ ಗಂಟೆಗೆ ಸುಮಾರು 250 ಕಿ.ಮೀ. ಏನಾದರೂ ತಾಗಿ ಆ ವೇಗ ತಟ್ಟನೆ ಇಳಿದರೆ ಬೆಲ್ಟ್ ನಮ್ಮನ್ನು ಹಿಡಿದಿಡುತ್ತದೆ. ತೊಡೆಯ ಮೇಲಿನ ಲ್ಯಾಪ್‌ಟಾಪನ್ನು ಹಿಡಿಯುವವರು ಯಾರು? 2 ಕೆ.ಜಿ. ತೂಕದ ಲ್ಯಾಪ್‌ಟಾಪ್ ಗಂಟೆಗೆ 36 ಕಿ.ಮೀ. ವೇಗದಲ್ಲಿ ಚಿಮ್ಮಿದರೂ ಸಾಕು, 5 ಮೀಟರ್ ಎತ್ತರದಿಂದ ಬಿದ್ದಷ್ಟೇ ಪೆಟ್ಟು. ಅದು ತಗಲುವುದು ಮುಂದೆ ಕುಳಿತ ಮತ್ತೊಬ್ಬರ ತಲೆಗೆ!

ಇನ್ನೊಂದು ಕಾರಣ, ದಾರಿ. ಅಪಾಯದಲ್ಲಿ ಎಲ್ಲರೂ 90 ಸೆಕೆಂಡಿನೊಳಗೆ ಹೊರಬರುವಂತೆ ದೊಡ್ಡ ವಿಮಾನಗಳನ್ನು ರೂಪಿಸಿರುತ್ತಾರೆ. ಕಾಲಿಗೆ ಸಿಕ್ಕುವ ಲ್ಯಾಪ್‌ಟಾಪ್, ಅದರ ವೈರು ಈ ಲೆಕ್ಕವನ್ನು ಕೆಡಿಸುತ್ತವೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ವಿಮಾನವೊಂದು ರನ್‌ವೇಯಲ್ಲಿದ್ದ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಸಣ್ಣ ವಿಮಾನದ ಆರು ಮಂದಿಯಲ್ಲಿ ಐವರು ಮೃತರಾದರು. ದೊಡ್ಡದರಲ್ಲಿದ್ದ 379 ಮಂದಿಯೂ ಸಾಮಾನುಗಳನ್ನು ಅಲ್ಲೇ ಬಿಟ್ಟು ಜೀವಸಹಿತ ಹೊರಬಂದರು.

ನಿಯಮ ಹೇಳುವವರು ಅದರ ಕಾರಣವನ್ನೂ ಒಂದೇ ಮಾತಿನಲ್ಲಿ ಹೇಳಬೇಕು ಎನ್ನುವುದು ನನ್ನ ಸಲಹೆ. ಕಾರಣ ತಿಳಿದವರು ಯಾರೂ ನೋಡದಿದ್ದಾಗಲೂ ನಿಯಮ ಪಾಲಿಸುತ್ತಾರೆ.

ಜಡತ್ವಕ್ಕೆ ವಿಮಾನವೂ ಒಂದೇ, ನಮ್ಮೂರ ಬಸ್ಸೂ ಒಂದೇ. ಮುಂದಿನ ಸಲ ಬಸ್ಸು ಹತ್ತಿದಾಗ ಸುತ್ತ ನೋಡಿ. ತಟ್ಟನೆ ಬ್ರೇಕ್ ಬಿದ್ದರೆ ಏನೇನು ಹಾರಬಹುದು? ಪಟ್ಟಿ ಮಾಡಿ, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.