ಬಿಲ್ಲು ಏರಿತೆಂದು ಗ್ರೈಂಡರನ್ನು ಬೈಯಬೇಡಿ



ಈ ಸಲದ ಅಂಚೆಯಲ್ಲಿ ಅರಸೀಕೆರೆಯ ಕಡೆಯಿಂದ ಒಂದು ಪತ್ರ ಬಂದಿದೆ. ಬರೆದವರು ಹೊಸ ಸೊಸೆ. “200 ಯೂನಿಟ್ ಉಚಿತ ಅಂತ ಎಲ್ಲರೂ ಹೇಳ್ತಾರೆ. ನಾವು ಉರಿಸಿದ್ದು 132 ಯೂನಿಟ್. ಆದರೂ ಇನ್ನೂರ ಚಿಲ್ಲರೆ ರೂಪಾಯಿ ಬಿಲ್ಲು ಬಂದಿದೆ. ನಮ್ಮತ್ತೆ, ನೀನು ಬಂದಮೇಲೇ ಹೀಗಾಯ್ತು, ದಿನಾ ಗ್ರೈಂಡರ್ ಹಾಕ್ತೀಯಲ್ಲ ಅಂತಾರೆ. ಏನು ಹೇಳಲಿ?” ಎಂದು ಕೇಳಿದ್ದಾರೆ.

ಓದಿ ನಗು ಬರಲಿಲ್ಲ. ಬಿಲ್ಲಿನ ಚೀಟಿಯನ್ನು ಯಾರೂ ಓದದ ಮನೆಯಲ್ಲಿ ಅದರ ತಪ್ಪು ಯಾರ ತಲೆಗೆ ಬರುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಮೊದಲು ಆ 200ರ ಮಾತು. ಗೃಹಜ್ಯೋತಿ 2023ರ ಆಗಸ್ಟ್ ತಿಂಗಳ ಬಿಲ್ಲಿನಿಂದ ಜಾರಿಗೆ ಬಂತು. ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಅದರಲ್ಲಿ ಎಲ್ಲೂ ಇಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅಷ್ಟು, ಅದರ ಮೇಲೆ ನೂರಕ್ಕೆ ಹತ್ತು. ಅದೇ ನಿಮ್ಮ ಪಾಲು. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದ ಸಣ್ಣ ಮನೆಗಳಿಗೆ ಮಾತ್ರ 2024ರಲ್ಲಿ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ಟನ್ನೇ ಸೇರಿಸಿ ಕೊಟ್ಟರು. ಈ ಸೋದರಿಯ ಮನೆಯ ಸರಾಸರಿ 90 ಅಂತ ಬಿಲ್ಲಿನಲ್ಲೇ ಇದೆಯಂತೆ. ಅದಕ್ಕೆ 9 ಸೇರಿಸಿದರೆ 99. ಅವರು ಉರಿಸಿದ್ದು 132. ಹೆಚ್ಚಾದ 33 ಯೂನಿಟ್ಟಿಗೆ ಹಣ ಕೇಳಿದ್ದಾರೆ, ಅಷ್ಟೆ. ಆದರೆ 200 ದಾಟಿದ ತಿಂಗಳು ಈ ರಿಯಾಯಿತಿ ಪೂರ್ತಿ ಹೋಗುತ್ತದೆ. 199ಕ್ಕೂ 201ಕ್ಕೂ ಎರಡೇ ಯೂನಿಟ್ಟಿನ ಅಂತರ, ಆದರೆ 201 ಆದರೆ ಮೊದಲ ಯೂನಿಟ್ಟಿನಿಂದ ಎಲ್ಲಕ್ಕೂ ಕೊಡಬೇಕು, ನಿಗದಿತ ಶುಲ್ಕವೂ ಸೇರಿ.

ಇನ್ನು ಗ್ರೈಂಡರ್. ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಟೇಬಲ್ ಮೇಲಿಡುವ ಗ್ರೈಂಡರ್ ಸುಮಾರು 150 ವ್ಯಾಟ್. ಇಡ್ಲಿ ಹಿಟ್ಟಿಗೆ ನಲವತ್ತು ನಿಮಿಷ ತಿರುಗಿಸಿದರೂ ಯೂನಿಟ್ಟಿನ ಹತ್ತನೇ ಒಂದು ಪಾಲು. ದಿನಾ ರುಬ್ಬಿದರೂ ತಿಂಗಳಿಗೆ ಮೂರು ಯೂನಿಟ್! ಅದೇ ಬಚ್ಚಲುಮನೆಯ ಗೀಸರ್ 2000 ವ್ಯಾಟ್, ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ. ಸ್ವಿಚ್ ಹಾಕಿ “ಇರು, ಪೇಪರ್ ಓದಿ ಬರ್ತೀನಿ” ಎಂದು ಕೂರುವವರು ಯಾರು ಅಂತ ನಾನು ಹೇಳುವುದಿಲ್ಲ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಆದರೂ ಅಷ್ಟೆ, 1500 ವ್ಯಾಟಿನದಾದರೆ ನಲವತ್ತು ನಿಮಿಷಕ್ಕೆ ಒಂದು ಯೂನಿಟ್. ಕಾಯಿಸುವ ಸಾಮಾನು ತಿನ್ನುತ್ತದೆ. ತಿರುಗುವುದು ಅಷ್ಟಾಗಿ ತಿನ್ನದು, ನೀರಿನ ಮೋಟಾರ್ ಒಂದನ್ನು ಬಿಟ್ಟು.

ಮೋಟಾರಿನ ಮಾತು ಬಂದದ್ದಕ್ಕೆ ನಮ್ಮ ಮನೆಯ ಕಥೆ ಹೇಳಿಬಿಡುತ್ತೇನೆ. ಒಂದು ತಿಂಗಳು ಇದ್ದಕ್ಕಿದ್ದ ಹಾಗೆ ಮೂವತ್ತೈದು ಯೂನಿಟ್ ಹೆಚ್ಚು ಬಂತು. ಯಜಮಾನರು “ಮೀಟರೇ ಕೆಟ್ಟಿದೆ” ಅಂದರು. ನಾನು ಮಕ್ಕಳ ಟಿ.ವಿ.ಯನ್ನು ಬೈದೆ. ಎರಡು ದಿನ ಮನೆಯಲ್ಲಿ ಮುಖ ಕೊಟ್ಟು ಮಾತಿಲ್ಲ. ಮೂರನೇ ದಿನ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಹೋಗಿ ಮೀಟರಿನ ಅಂಕಿ ಬರೆದುಕೊಂಡೆ. ಬೆಳಗ್ಗೆ ಎದ್ದು ಯಾವ ಸ್ವಿಚ್ಚನ್ನೂ ಮುಟ್ಟದೆ ಮತ್ತೆ ನೋಡಿದೆ. ಎರಡು ಹಳೇ ಫ್ಯಾನು, ಒಂದು ಫ್ರಿಜ್ಜು ರಾತ್ರಿಯೆಲ್ಲ ಓಡಿದರೂ ಎರಡು ಯೂನಿಟ್ ದಾಟಬಾರದು. ಮೂರಾಗಿತ್ತು! ನಾವು ಮಲಗಿದ್ದಾಗ ಉರಿಸಿದವರು ಯಾರು?

ನಮ್ಮದು ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ತಾನಾಗಿ ನೀರೆತ್ತುವ ಮೋಟಾರ್, ಒಂದು ಎಚ್.ಪಿ.ಯದು. ಟ್ಯಾಂಕ್ ಇಳಿದರೆ ಶುರು, ತುಂಬಿದರೆ ನಿಲ್ಲುತ್ತದೆ. ಅನುಕೂಲ ಅಂತ ಹಾಕಿಸಿದ್ದು. ಕಕ್ಕಸಿನ ಫ್ಲಷ್ ಡಬ್ಬಿಯ ರಬ್ಬರ್ ಸವೆದು, ಗೋಡೆಗುಂಟ ನೂಲಿನಷ್ಟು ಸಣ್ಣಗೆ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಟ್ಯಾಂಕ್ ಖಾಲಿಯಾದಾಗೆಲ್ಲ ಮೋಟಾರ್ ಎದ್ದು ದುಡಿಯುತ್ತಿತ್ತು. ಪತ್ತೆ ಮಾಡಿದ್ದು ಹೇಗೆ ಗೊತ್ತೇ? ಬಿಳೀ ಬಟ್ಟೆಗೆ ಹಾಕುವ ನೀಲಿಯನ್ನು ಆ ಡಬ್ಬಿಗೆ ನಾಲ್ಕು ತೊಟ್ಟು ಹಾಕಿದೆ. ಅರ್ಧ ಗಂಟೆ ಯಾರೂ ಒಳಗೆ ಹೋಗಲಿಲ್ಲ. ಹೋಗಿ ನೋಡಿದರೆ ಕೆಳಗೆ ನೀಲಿ ಇಳಿದಿತ್ತು. ರಬ್ಬರ್ ಬದಲಾಯಿಸಿದ ಮರುತಿಂಗಳು ಬಿಲ್ಲು ಮೊದಲಿನಂತೆ. ಮಕ್ಕಳ ಹತ್ತಿರ ತಪ್ಪಾಯ್ತು ಅಂದೆ. ಯಜಮಾನರು ಮೀಟರಿಗೆ ತಪ್ಪಾಯ್ತು ಅನ್ನಲಿಲ್ಲ, ಅದು ಬೇರೆ ಮಾತು.

ಅಂದಿನಿಂದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಕಡೆಯೇ ಪ್ರತಿ ಭಾನುವಾರ ಮೀಟರಿನ ಅಂಕಿಯನ್ನೂ ಬರೆಯುತ್ತೇನೆ. ಈಗಿನ ಮೀಟರಿನ ಪರದೆಯಲ್ಲಿ ತಾರೀಕು, ಗಂಟೆ, ವೋಲ್ಟೇಜು ಎಲ್ಲ ಒಂದಾದ ಮೇಲೊಂದು ಬರುತ್ತವೆ. ಪಕ್ಕದಲ್ಲಿ ಕಿಲೋವ್ಯಾಟ್ ಅವರ್ ಗುರುತು ಬಂದಾಗಿನ ಅಂಕಿ ನಮ್ಮದು. ಚುಕ್ಕೆಯ ನಂತರದ್ದು ಬಿಟ್ಟುಬಿಡಿ. ಮೂರನೇ ಭಾನುವಾರಕ್ಕೇ ಪಾಲು ಮುಗಿಯುತ್ತಾ ಬಂದಿದ್ದರೆ, ಉಳಿದ ದಿನ ಒಲೆ ಮೇಲೆ ನೀರು ಕಾಯಿಸುವುದೋ, ಇಸ್ತ್ರಿ ಬಟ್ಟೆ ಮುಂದೂಡುವುದೋ, ನಿಮ್ಮ ಕೈಯಲ್ಲೇ ಇರುತ್ತದೆ.

ಬಿಲ್ಲು ಕೈಗೆ ಬಂದಾಗ ಮೊತ್ತ ನೋಡುವ ಮುಂಚೆ ‘ಈಗಿನ ರೀಡಿಂಗ್’ ನೋಡಿ. ಗೋಡೆಯ ಮೀಟರಿನಲ್ಲಿ ಅದಕ್ಕಿಂತ ಕಡಿಮೆ ಅಂಕಿ ಇದ್ದರೆ ಓದಿದವರು ತಪ್ಪಿದ್ದಾರೆ ಎಂದೇ ಅರ್ಥ. ಹಿಂದೆ ಹೋಗುವ ಮೀಟರಿಲ್ಲವಲ್ಲ! ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು, ಆರ್.ಆರ್. ನಂಬರ್ ಇರುವ ಬಿಲ್ಲು ಹಿಡಿದು ಆಫೀಸಿಗೆ ಹೋಗಿ, ಇಲ್ಲವೇ 1912ಕ್ಕೆ ಫೋನ್ ಮಾಡಿ. ಬಾಗಿಲು ಹಾಕಿತ್ತೆಂದು ಸರಾಸರಿ ಬರೆದು ಹೋಗಿದ್ದರೂ ಹೀಗೇ ತಿಳಿಯುತ್ತದೆ. ಆಮೇಲೆ ಎರಡು ರೀಡಿಂಗಿನ ತಾರೀಕು ಎಣಿಸಿ. ಮೂವತ್ತೈದು ದಿನದ ಬಿಲ್ಲನ್ನು ಮೂವತ್ತು ದಿನದ್ದಕ್ಕೆ ಹೋಲಿಸಿ ಜಗಳವಾಡಬಾರದು. ‘ಬಾಕಿ’ ಅಂತ ಏನಾದರೂ ಇದ್ದರೆ ಹಳೇ ರಸೀದಿ ಹುಡುಕಿ. ಅದಕ್ಕೇ ರಸೀದಿಗಳನ್ನು ಎಸೆಯಬೇಡಿ ಅನ್ನುವುದು. ತೆರಿಗೆ ನೂರಕ್ಕೆ ಒಂಬತ್ತು, ಅದರಲ್ಲಿ ಚೌಕಾಸಿ ನಡೆಯದು.

ಇನ್ನೊಂದು ಮಾತು. “ಬಿಲ್ಲು ಕಟ್ಟಿಲ್ಲ, ಇವತ್ತು ರಾತ್ರಿ ಕರೆಂಟ್ ತೆಗೀತೀವಿ, ಈ ನಂಬರಿಗೆ ಫೋನ್ ಮಾಡಿ” ಅಂತ ಮೊಬೈಲಿಗೆ ಸಂದೇಶ ಬಂದರೆ ಮಾಡಲೇಬೇಡಿ. ಅದು ಮೋಸಗಾರರ ಕೆಲಸ. ಹೆದರಿ ಫೋನ್ ಮಾಡಿದವರ ಬ್ಯಾಂಕ್ ಖಾತೆಯೇ ಬರಿದಾಗಿದೆ. ಕಡೆಯ ದಿನ ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಅನುಮಾನವಿದ್ದರೆ ನಮ್ಮ ‘ಕೆಇಬಿ’ ಆಫೀಸಿಗೇ ಹೋಗಿ ಕೇಳಿ. ಕೆಇಬಿ ಅನ್ನುವುದು 1999ರಲ್ಲೇ ಹೋಯಿತು, ಆದರೆ ನಮ್ಮ ಬಾಯಿಂದ ಹೋಗಿಲ್ಲ ನೋಡಿ.

ಅರಸೀಕೆರೆಯ ಸೋದರಿ, ಈ ಪುಟವನ್ನು ಅತ್ತೆಯವರ ಮುಂದೆ ಹಿಡಿದು ವಾದಕ್ಕೆ ನಿಲ್ಲಬೇಡಿ. ಇವತ್ತು ರಾತ್ರಿ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಮೀಟರ್ ನೋಡಿ, ಬೆಳಗ್ಗೆ ಇಬ್ಬರೂ ಮತ್ತೆ ನೋಡಿ. ಆ ಎರಡು ಅಂಕಿಗಳನ್ನು, ಮನೆಯಲ್ಲಿ ಗೀಸರ್, ಮೋಟಾರ್ ಏನೇನಿವೆ ಎಂಬುದನ್ನು ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಆ 33 ಯೂನಿಟ್ ಎಲ್ಲಿ ಹೋಯಿತೆಂದು ಹುಡುಕೋಣ.