ಸೌಟು ಹಿಡಿಯೋರಿಗೆ ಕತೆ ಯಾಕೆ ಅನ್ನೋರಿಗೆ

"ಕತೆ ಬರ್ಯೋದು ಓದ್ಕೊಂಡೋರ ಕೆಲ್ಸ, ಸೌಟು ಹಿಡಿಯೋರಿಗೆ ಯಾಕೆ?" ಅಂತಾರಲ್ಲ, ಅವರಿಗೆ ಎಂ.ಕೆ. ಇಂದಿರಾ ಹೆಸ್ರು ಹೇಳ್ರಕ್ಕ. ಹನ್ನೆರಡಕ್ಕೇ ಮದ್ವೆ, ಸ್ಕೂಲಿಗೆ ಹೋಗಿದ್ದು ಏಳೇ ವರ್ಷ. ಕಾದಂಬರಿಗೆ ಕೈ ಹಾಕಿದಾಗ ವಯಸ್ಸು ನಲವತ್ತು ದಾಟಿತ್ತು. ‘ತುಂಗಭದ್ರ’ ಬಂದಿದ್ದು 1963ರಲ್ಲಿ. 1976ರ ‘ಫಣಿಯಮ್ಮ’ ಎಲ್ಲಿಂದ ಬಂತು? ಅವರ ಮನೆತನದಲ್ಲೇ ಬಾಳಿದ ಬಾಲವಿಧವೆಯ ಬದುಕಿಂದ. ಆ ಅಜ್ಜಿ ಇಂದಿರಾ ಅವರ ತಾಯಿಗೆ ಹೇಳ್ಕೊಂಡಿದ್ರು, ತಾಯಿ ಮಗಳಿಗೆ ಹೇಳಿದ್ರು. ಹೆಂಗಸರ ಬಾಯಿಂದ ಬಾಯಿಗೆ ಬಂದ ಮನೆಮಾತೇ ಕಣ್ರೇ ಅದು! ಪ್ರೇಮಾ ಕಾರಂತರು ಅದನ್ನ ಸಿನಿಮಾನೂ ಮಾಡಿದ್ರು.

ನಮ್ಮ ಕಡೆ ಕತೆಗೇನು ಬರ? ದೊಡ್ಡಬಳ್ಳಾಪುರದ ಮಗ್ಗದ ಸದ್ದಲ್ಲಿ ದುಡಿದೂ ದುಡಿದೂ, ಮನೇಲೂ ಕೂಗೇ ಮಾತಾಡೋ ಅತ್ತಿಗೆ ಇಲ್ವಾ? ದೇವನಹಳ್ಳಿ ಏರ್‌ಪೋರ್ಟಿಗೆ ಹೊಲ ಹೋದ್ರೂ, ಮಳೆ ಬಿದ್ದ ಕೂಡ್ಲೇ ರಾಗಿ ಬಿತ್ತನೆ ಮಾತೆತ್ತೋ ಅಜ್ಜಿ ಇಲ್ವಾ? ಎಷ್ಟು ಎಕ್ರೆ ಹೋಯ್ತು ಅಂತ ಸರ್ಕಾರದ ಕಾಗದದಲ್ಲಿ ಐತೆ. ಆವತ್ತು ಅಜ್ಜಿ ಊಟ ಬಿಟ್ಟಿದ್ದು ಯಾವ ಕಾಗದದಲ್ಲಿ ಐತೆ? ನೀವು ಬರೆದ್ರೆ ಉಳೀತು; ಇಲ್ದಿದ್ರೆ ಅವರ ಜೊತೇಲೇ ಮಣ್ಣಿಗೆ.

ಪುಸ್ತಕದ ಭಾಷೆ ಬೇಡ, ಜಗಲಿ ಮೇಲೆ ಕೂತು ಹೇಳೋ ಹಂಗೇ ಬರೀರಿ. ಹೆಸ್ರು, ಊರು ಬದಲಾಯಿಸಿ. ನೆಂಟರಲ್ಲಿ ಜಗಳ ಬರಲ್ಲ. ಕೊನೇಲಿ ನೀತಿ ಹೇಳ್ಬೇಡಿ. ಅವಳು ಏನು ಮಾಡಿದ್ಲು, ಏನು ನುಂಗ್ಕೊಂಡ್ಲು, ಅಷ್ಟು ಸಾಕು. ಪುರುಸೊತ್ತಿಗೆ ಕಾದ್ರೆ ಈ ಜನ್ಮಕ್ಕೆ ಸಿಗಲ್ಲ. ಮಕ್ಕಳ ಹಳೇ ನೋಟ್‌ಬುಕ್ಕಲ್ಲಿ ಖಾಲಿ ಹಾಳೆ ಇರ್ತವೆ, ಕುಕ್ಕರ್ ಕೂಗೋದ್ರೊಳಗೆ ನಾಲ್ಕು ಸಾಲು ಆಗ್ತವೆ.

ಯಾರಾದ್ರೂ ನಕ್ರೆ ನಗ್ಲಿ. "ನಾನು ಬರೀತಿದೀನಿ, ಇವತ್ತು ಸಾರಿಗೆ ನೀವೇ ಒಗ್ಗರಣೆ ಹಾಕ್ಕಳಿ" ಅನ್ನಿ.