ಹಳದಿ ಐತಿ, ಸಣ್ಣದೂ ಐತಿ

"ಅಂಗನವಾಡ್ಯಾಗ ಏನ್ ಕಲಸ್ತಾರ್ರೀ, ಬರೀ ಆಟ ಆಡಸ್ತಾರ." ಊರ ಕಟ್ಟೆಯ ಮೇಲೆ ಈ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. ಹೀಗೆ ಅಂದವರೇ ಮೂರೂವರೆ ವರ್ಷದ ಮಗುವನ್ನು ನಿದ್ದೆಗಣ್ಣಲ್ಲಿ ವ್ಯಾನ್ ಹತ್ತಿಸಿ ಪಟ್ಟಣದ ಎಲ್‌ಕೆಜಿಗೆ ಕಳಿಸುತ್ತಾರೆ. ಅಲ್ಲಿ ಮಗು 1ರಿಂದ 100 ಬರೆಯುತ್ತದೆ. ಅದೇ ಮಗುವಿನ ಮುಂದೆ ಹುಣಸೆ ಬೀಜ ಸುರಿದು "ಆರು ಕೊಡು" ಅಂದರೆ ಕೈಗೆ ಬಂದಷ್ಟು ಕೊಡುತ್ತದೆ. ಕಣ್ಣಾರೆ ನೋಡಿದ್ದೇವೆ.

ಆ "ಬರೀ ಆಟ"ವನ್ನೂ ನೋಡಿದೆವು. ಒಂದು ಅಂಗನವಾಡಿಯಲ್ಲಿ ಟೀಚರ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಹಾಗೆ ನಾಲ್ಕು ಮನೆ ಬರೆದರು. ಮೇಲಿನ ಸಾಲು ಕೆಂಪಿಗೆ, ಕೆಳಗಿನದು ಹಳದಿಗೆ. ಎಡಕ್ಕೆ ದೊಡ್ಡದು, ಬಲಕ್ಕೆ ಸಣ್ಣದು. ಪಕ್ಕದಲ್ಲಿ ಡಬ್ಬಿ-ಬಾಟಲಿ ಮುಚ್ಚಳಗಳ ರಾಶಿ. ಐದು ವರ್ಷದ ಹುಡುಗಿಯೊಬ್ಬಳು ಸಣ್ಣ ಹಳದಿ ಮುಚ್ಚಳ ಹಿಡಿದು ಎರಡು ಮನೆಗಳ ನಡುವೆ ಬಹಳ ಹೊತ್ತು ಕೈ ಆಡಿಸಿದಳು. ಟೀಚರ್ ತುಟಿ ಬಿಚ್ಚಲಿಲ್ಲ. (ನಮ್ಮಲ್ಲೊಬ್ಬರು ಹೇಳಿಕೊಡಲು ಹೋಗಿ ಬೈಸಿಕೊಂಡರು.) ಇಟ್ಟ ಮೇಲೆ ಕೇಳಿದರು, "ಇಲ್ಲೇ ಯಾಕ ಇಟ್ಟಿ?"

"ಹಳದಿ ಐತಿ, ಸಣ್ಣದೂ ಐತಿ."

ಆ "ಸಣ್ಣದೂ" ಅನ್ನುವುದರ ಕೊನೆಯ "ಊ" ಇದೆಯಲ್ಲ, ಅದೇ ಪಾಠ. ಎರಡು ಗುಣಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿಯುವುದು ಗಣಿತದ ಬುನಾದಿ. ಮೂರು-ನಾಲ್ಕು ವರ್ಷದವರು ಬಣ್ಣ ನೋಡಿ ಶುರುಮಾಡಿ ನಡುವೆಯೇ ಅಳತೆಗೆ ಜಾರುತ್ತಾರೆ. ಅದು ದಡ್ಡತನವಲ್ಲ, ವಯಸ್ಸು. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಇದನ್ನು ಎಷ್ಟೋ ದಶಕಗಳ ಹಿಂದೆಯೇ ಬರೆದಿದ್ದಾರೆ. ಮೊದಲು ಬಣ್ಣ ಮಾತ್ರ, ಆಮೇಲೆ ಎಲ್ಲ ಕಲಸಿ ಅಳತೆ ಮಾತ್ರ, ಅದು ಕೈಗೆ ಹತ್ತಿದ ಮೇಲೆ ಎರಡೂ. ಬೈದರೆ ಮಗು ನಿಮ್ಮ ಮುಖ ನೋಡಿ ಇಡುತ್ತದೆ, ಮುಚ್ಚಳ ನೋಡಿ ಅಲ್ಲ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಡಬ್ಬಿಯೋ ಕಡ್ಡಿಯೋ, ಬಣ್ಣ ಹಿಡಿದಿದೆಯೋ ಬಿಳಿಚಿದೆಯೋ, ಎರಡನ್ನೂ ನೋಡಿಯೇ ದರ. ಅಂಗಳದಲ್ಲಿ ಕೂತು ಆರಿಸುವಾಗ ಅದು ದುಡಿಮೆ, ಮಗು ಮಾಡಿದರೆ ಆಟವೇ?

ಇಲಾಖೆಯನ್ನೂ ಬಿಡುವುದಿಲ್ಲ. ಟೀಚರ್ ತೂಕ, ಊಟ, ಪೋಷಣ್ ಟ್ರ್ಯಾಕರ್ ಅಂತ ದಿನವೆಲ್ಲ ಮೊಬೈಲ್ ಒತ್ತುತ್ತಾ ಕೂತರೆ, ಮುಚ್ಚಳ ಹಿಡಿದ ಮಗುವಿನ ಮುಂದೆ ಸುಮ್ಮನೆ ಕೂರುವವರು ಯಾರು? ಬಾಲವಿಕಾಸ ಸಮಿತಿ ಸಭೆಗೆ ಹೋಗಿ ಇದನ್ನು ಕೇಳಿ. "ಎಬಿಸಿಡಿ ಯಾವಾಗ?" ಅಂತ ಕೇಳಬೇಡಿ.

ಮನೆಯಲ್ಲಿ ಮುಚ್ಚಳ, ಗುಂಡಿ, ಬಳೆ ಸಾಕು. ಸಣ್ಣ ಮಕ್ಕಳಿದ್ದರೆ ಬೀಜ, ಗುಂಡಿ ಕೊಡಬೇಡಿ, ಮೂಗಿಗೆ ತುರುಕಿಕೊಳ್ಳುತ್ತವೆ. ಗುಲಗಂಜಿ, ಹರಳು ಮಾತ್ರ ಯಾವ ವಯಸ್ಸಿಗೂ ಬೇಡ, ಎರಡೂ ವಿಷ.